ಸಮುದಾಯ ಬಾನುಲಿಗೆ ಹಾಡು ಬೇಡವೇ?

ಸಮುದಾಯ ಬಾನುಲಿಯ ಬಗ್ಗೆ ಎಲ್ಲಿ ಚರ್ಚೆ ನಡೆದರೂ ಮೂರು ಮಾತುಗಳು ತಪ್ಪದೇ ಕೇಳಿಬರುತ್ತವೆ: ಕೃಷಿ, ಆರೋಗ್ಯ, ಜಾಗೃತಿ. ಇವುಗಳ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಈ ಪಟ್ಟಿಯಲ್ಲಿ ಸಂಗೀತಕ್ಕೆ ಜಾಗವಿರುವುದಿಲ್ಲ. ಎರಡು ಉಪನ್ಯಾಸಗಳ ನಡುವಿನ ತೆರಪನ್ನು ತುಂಬುವ ಸಾಮಗ್ರಿ ಎಂಬಷ್ಟೇ ಅದರ ಬಗೆಗಿನ ಭಾವನೆ. ಬೆಂಗಳೂರಿನ ಪುಟ್ಟ ಕೇಂದ್ರವೊಂದರಲ್ಲಿ ಕೆಲವು ವರ್ಷಗಳಿಂದ ವಾರಕ್ಕೊಂದು ಗಂಟೆಯ ಸಂಗೀತ ಕಾರ್ಯಕ್ರಮವನ್ನು ಸಂಬಳವಿಲ್ಲದೆ ನಡೆಸಿಕೊಂಡು ಬಂದಿದ್ದೇನೆ. ಈಚೆಗೆ ಆ ಗಂಟೆಯನ್ನು ಅರ್ಧಕ್ಕಿಳಿಸಿ, ಉಳಿದ ಹೊತ್ತನ್ನು ಹಣ ತರುವ ಜಾಗೃತಿ ಸಂದೇಶಗಳಿಗೆ ಬಿಟ್ಟುಕೊಡಬಹುದೇ ಎಂಬ ಪ್ರಸ್ತಾಪ ಬಂದಿದೆ. ಬಹುತೇಕ ಸಣ್ಣ ಕೇಂದ್ರಗಳು ಎದುರಿಸುತ್ತಿರುವ ಇಕ್ಕಟ್ಟು ಇದು. ಆದ್ದರಿಂದ ಇದರ ಕುರಿತು ಬಹಿರಂಗವಾಗಿ ನಾಲ್ಕು ಮಾತು ಹೇಳುವುದು ಅಗತ್ಯ.

ನನ್ನ ಕಾರ್ಯಕ್ರಮಕ್ಕೆ ಪ್ರಕಾರಗಳ ಕಟ್ಟುಪಾಡಿಲ್ಲ. ಚಾಮರಾಜನಗರದ ನೀಲಗಾರರು ತಂಬೂರಿ ಮೀಟುತ್ತ ಹಾಡಿದ ಮಂಟೇಸ್ವಾಮಿ ಕಥನದ ಬೆನ್ನಿಗೆ ಪಶ್ಚಿಮ ಆಫ್ರಿಕದ ಮಾಲಿ ದೇಶದ ಅಲಿ ಫರ್ಕಾ ತೂರೆಯ ಗಿಟಾರ್ ಬರಬಹುದು. ಅದರ ನಂತರ ರಘು ದೀಕ್ಷಿತ್ ತಮ್ಮ 2008ರ ಆಲ್ಬಮಿನಲ್ಲಿ ಹಾಡಿದ ಶಿಶುನಾಳ ಶರೀಫರ ತತ್ವಪದ, ಕೊನೆಗೆ ಕಾಲೇಜು ಹುಡುಗನೊಬ್ಬ ಹಾಸ್ಟೆಲ್ ಕೋಣೆಯಲ್ಲಿ ಧ್ವನಿಮುದ್ರಿಸಿಕೊಂಡ ಕನ್ನಡ ರ‍್ಯಾಪ್. ಇದು ಕಲಸುಮೇಲೋಗರವಲ್ಲವೇ ಎಂದು ಸ್ನೇಹಿತರು ಕೇಳುವುದುಂಟು. ಒಂದೇ ಶ್ರುತಿಯನ್ನು ಹಿಡಿದು, ಅದೇ ಸ್ವರಗಳ ಸುತ್ತ ಮತ್ತೆ ಮತ್ತೆ ಸುತ್ತುತ್ತ ಕಥೆ ಹೇಳುವ ಬಗೆ ನೀಲಗಾರರಲ್ಲೂ ಇದೆ, ಮಾಲಿಯ ಹಾಡುಗಾರರಲ್ಲೂ ಇದೆ. ಲಯಕ್ಕೆ ಮಾತನ್ನು ಹೊಂದಿಸುವ ರ‍್ಯಾಪ್ ಹುಡುಗನಿಗೆ ಲಾವಣಿಕಾರ ದೂರದ ನೆಂಟನೇನಲ್ಲ. ಎರಡು ವಾಕ್ಯಗಳಲ್ಲಿ ಈ ನಂಟನ್ನು ತೋರಿಸಿ ಪಕ್ಕಕ್ಕೆ ಸರಿಯುವುದು ನಿರೂಪಕನ ಕೆಲಸ. ಉಳಿದದ್ದನ್ನು ಕೇಳುಗರ ಕಿವಿಯೇ ಮಾಡುತ್ತದೆ.

ಇಂತಹ ಹಾಡುಗಳಿಗೆ ಬೇರೆ ಜಾಗವಿಲ್ಲವೇ? ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲೇ. ಸರ್ಕಾರಕ್ಕೆ ಭಾರಿ ಶುಲ್ಕ ಕಟ್ಟಿ, ಜಾಹೀರಾತನ್ನೇ ನಂಬಿ ಬದುಕಬೇಕಾದ ಖಾಸಗಿ ಕೇಂದ್ರಗಳು ಚಿತ್ರಗೀತೆಗಳಿಗೆ ಅಂಟಿಕೊಂಡಿರುವುದರಲ್ಲಿ ಆಶ್ಚರ್ಯವಿಲ್ಲ. ಇನ್ನು ಆಕಾಶವಾಣಿ ಕನ್ನಡ ಸುಗಮ ಸಂಗೀತಕ್ಕೂ ಜನಪದ ಗಾಯನಕ್ಕೂ ಮಾಡಿದ ಉಪಕಾರ ದೊಡ್ಡದು. ಆದರೆ ಅಲ್ಲಿ ಧ್ವನಿಪರೀಕ್ಷೆಯುಂಟು, ಶ್ರೇಣಿಗಳುಂಟು, ಶಾಸ್ತ್ರೀಯ, ಸುಗಮ, ಜಾನಪದ ಎಂಬ ಕಪಾಟುಗಳುಂಟು. ಡೊಳ್ಳು ಮತ್ತು ಬೇಸ್ ಗಿಟಾರನ್ನು ಒಟ್ಟಿಗೆ ನುಡಿಸುವ ತಂಡ ಯಾವ ಅರ್ಜಿಯನ್ನು ತುಂಬಬೇಕು?

ಸಂಗೀತದ ಆಯ್ಕೆಯನ್ನು ಒಂದೇ ಕೈಗೆ ಒಪ್ಪಿಸಿದರೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಉದಾಹರಣೆಯಿದೆ. 1952ರಲ್ಲಿ ಸಚಿವ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಮಾಯವಾದವು. ಅಭಿರುಚಿಯನ್ನು ತಿದ್ದುವುದು ಅವರ ಉದ್ದೇಶ. ಕೇಳುಗರಾದರೋ ತಮ್ಮ ರೇಡಿಯೊದ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿದರು. ಕೊನೆಗೆ 1957ರಲ್ಲಿ ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು. ಅಂದು ಸಚಿವಾಲಯ ಮಾಡಿದ್ದನ್ನು ಇಂದು ಮಾರುಕಟ್ಟೆ ಬೇರೆ ರೀತಿಯಲ್ಲಿ ಮಾಡುತ್ತಿದೆ. ಇವೆರಡರಾಚೆಗೆ ಮೂರನೆಯ ದನಿಯೊಂದು ಇರಲೆಂದೇ ಅಲ್ಲವೇ ಸಮುದಾಯ ಬಾನುಲಿ ಬಂದದ್ದು? ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2002ರ ನೀತಿ ಶಿಕ್ಷಣ ಸಂಸ್ಥೆಗಳಿಗೆ, 2006ರ ನೀತಿ ಸ್ವಯಂಸೇವಾ ಸಂಸ್ಥೆಗಳಿಗೆ ಬಾಗಿಲು ತೆರೆಯಿತು. ಕನ್ನಡಿಗರಿಗೆ ಇದು ತೀರ ಹೊಸದೂ ಅಲ್ಲ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಕೇಂದ್ರವೊಂದನ್ನು ತೆರೆದರು. ಅದು ಬೆಳೆದು 'ಆಕಾಶವಾಣಿ' ಎಂಬ ಹೆಸರು ಪಡೆಯಿತು, ಮುಂದೆ ಇಡೀ ದೇಶದ ಬಾನುಲಿಗೆ ಆ ಹೆಸರೇ ಸಂದಿತು.

ಮೊಬೈಲಿನಲ್ಲಿ ಲೋಕದ ಹಾಡುಗಳೆಲ್ಲ ಸಿಗುವಾಗ ನೂರು ವ್ಯಾಟಿನ ಕೇಂದ್ರವೇಕೆ ಎಂಬ ಪ್ರಶ್ನೆ ಸಹಜವಾದದ್ದು. ಮೊಬೈಲು ನಾವು ನಿನ್ನೆ ಕೇಳಿದ್ದನ್ನು ಹೋಲುವ ಹಾಡನ್ನು ಇಂದು ಮುಂದಿಡುತ್ತದೆ. ಹೆಸರೇ ಗೊತ್ತಿಲ್ಲದ ಹಾಡನ್ನು ಹುಡುಕುವುದು ಹೇಗೆ? ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಸಮುದಾಯ ಕೇಂದ್ರದ ಪ್ರಸಾರ ಹತ್ತು ಹನ್ನೆರಡು ಕಿಲೋಮೀಟರಿನಾಚೆ ಕೇಳುವುದು ಕಷ್ಟ. ಇದು ದೌರ್ಬಲ್ಯವೆಂದು ತೋರಬಹುದು. ಆದರೆ ಕೇಳುವವರೆಲ್ಲರೂ ಕೇಂದ್ರದವರೆಗೆ ಬಸ್ಸಿನಲ್ಲಿ ಬರಬಲ್ಲವರು ಎಂಬುದೂ ಅಷ್ಟೇ ನಿಜ. ಒಮ್ಮೆ ಸೋಬಾನೆ ಪದವೊಂದನ್ನು ಪ್ರಸಾರ ಮಾಡಿದಾಗ ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಗೆ ಮಾಡುವ ಮಹಿಳೆಯೊಬ್ಬರು ದೂರವಾಣಿ ಮಾಡಿ, "ನಮ್ಮ ಕಡೆ ಇದನ್ನ ಹೀಗೆ ಹಾಡಲ್ಲ ಸಾರ್" ಎಂದರು. ಹೇಗೆ ಹಾಡುತ್ತೀರಿ ಎಂದು ಕೇಳಿದೆ. ಮುಂದಿನ ಭಾನುವಾರ ತಮ್ಮ ಚಿಕ್ಕಮ್ಮನನ್ನೂ ನಾದಿನಿಯನ್ನೂ ಕರೆದುಕೊಂಡು ಬಂದು ಮುಕ್ಕಾಲು ಗಂಟೆ ಹಾಡಿದರು. ಆ ಹಾಡುಗಳು ಯಾವ ಧ್ವನಿಸುರುಳಿಯಲ್ಲೂ ಇದ್ದವೆಂದು ನನಗೆ ತೋರುವುದಿಲ್ಲ. ಪ್ರಸಾರವಾದ ವಾರ ಅವರ ಕಾರ್ಖಾನೆಯಿಂದಲೇ ಇನ್ನಿಬ್ಬರು ದೂರವಾಣಿ ಮಾಡಿದರು. ಅರ್ಧ ಗಂಟೆಯ ಮೊಟಕಿನಲ್ಲಿ ಮೊದಲು ಹೋಗುವುದು ಇಂತಹ ಹಾಡುಗಳೇ. ಏಕೆಂದರೆ ಅವು ದೀರ್ಘವಾದವು, ಪರಿಚಯ ಬೇಡುವಂಥವು.

ಕೇಂದ್ರಗಳ ಕಷ್ಟ ನನಗೆ ತಿಳಿಯದ್ದಲ್ಲ. ವಿದ್ಯುತ್ ಬಿಲ್ಲು ಕಟ್ಟಬೇಕು, ಇಬ್ಬರು ಮೂವರಿಗಾದರೂ ಸಂಬಳ ಕೊಡಬೇಕು. ಜಾಹೀರಾತಿಗೆ ಗಂಟೆಗೆ ಇಷ್ಟೇ ನಿಮಿಷ ಎಂಬ ಮಿತಿಯಿದೆ. 2024ರಲ್ಲಿ ಅದನ್ನು 7ರಿಂದ 12ಕ್ಕೆ ಏರಿಸಿದರೂ ಸಣ್ಣ ಕೇಂದ್ರಕ್ಕೆ ಜಾಹೀರಾತು ಕೊಡುವವರು ವಿರಳ. ಸರ್ಕಾರಿ ಇಲಾಖೆಗಳ ಸಂದೇಶಗಳೇ ಆಗ ಆಸರೆ. ಹೀಗಿರುವಾಗ ಹಾಡಿನ ಹೊತ್ತನ್ನು ಕಡಿತಗೊಳಿಸಿ ಎಂದವರನ್ನು ದೂರಿ ಫಲವಿಲ್ಲ. ಹಾಡಿನ ಹೊತ್ತೂ ಕೇಂದ್ರಕ್ಕೆ ಆಧಾರವಾಗುವಂತೆ ಮಾಡುವುದೇ ಪರಿಹಾರ.

ಅದಕ್ಕೆ ಹಾದಿಗಳಿವೆ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯ ಸಮುದಾಯದ ಪಾಲ್ಗೊಳ್ಳುವಿಕೆಯಿಂದ ರೂಪುಗೊಳ್ಳಬೇಕೆಂದು ನೀತಿಯೇ ಹೇಳುತ್ತದೆ. ಸ್ಥಳೀಯ ಹಾಡುಗಾರರ ಧ್ವನಿಮುದ್ರಣ ಈ ಲೆಕ್ಕಕ್ಕೆ ಬರುವಂಥದ್ದೇ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ಜಾನಪದ ಅಕಾಡೆಮಿಯೂ ಉತ್ಸವಗಳಿಗೆ ವೆಚ್ಚ ಮಾಡುವ ಹಣದಲ್ಲಿ ಸಣ್ಣದೊಂದು ಪಾಲನ್ನು ಈ ಧ್ವನಿಮುದ್ರಣಗಳಿಗೆ ಮೀಸಲಿಡಬಹುದು. ಆ ಹಣದಲ್ಲಿ ಹಾಡುವವರಿಗೆ ಸಂಭಾವನೆ ಸಲ್ಲಲೇಬೇಕು. ಜನಪದ ಹಾಡಿಗೆ ಒಡೆಯರಿಲ್ಲ ಎಂದ ಮಾತ್ರಕ್ಕೆ ಹಾಡಿದವರಿಗೆ ಹಕ್ಕಿಲ್ಲ ಎಂದಾಗುವುದಿಲ್ಲ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆ ಪ್ರದರ್ಶಕರ ಹಕ್ಕನ್ನು ಮಾನ್ಯ ಮಾಡಿದೆ. ಲಿಖಿತ ಒಪ್ಪಿಗೆ ಪಡೆಯುವುದು, ಧ್ವನಿಮುದ್ರಣದ ಒಂದು ಪ್ರತಿಯನ್ನು ಅವರ ಕೈಗೇ ಕೊಡುವುದು ಎಲ್ಲ ಕೇಂದ್ರಗಳ ರೂಢಿಯಾಗಬೇಕು.

ಮತ್ತೊಂದು ತುರ್ತು ಕೆಲಸವಿದೆ. ಪ್ರಸಾರವಾದ ಕಾರ್ಯಕ್ರಮವನ್ನು ಮೂರು ತಿಂಗಳು ಕಾಪಿಡಬೇಕೆಂಬುದು ನಿಯಮ. ದೂರು ಬಂದರೆ ಪರಿಶೀಲಿಸಲು ಅಷ್ಟು ಅವಧಿ ಸಾಕು. ಆದರೆ ಆ ಬಳಿಕ ಅಳಿಸಿಹೋದ ಸೋಬಾನೆ ಪದವನ್ನು ಮರಳಿ ತರುವವರು ಯಾರು? ರಾಜ್ಯದ ವಿಶ್ವವಿದ್ಯಾಲಯವೊಂದು ಸಮುದಾಯ ಕೇಂದ್ರಗಳ ಸಂಗೀತಕ್ಕೆ ಭಂಡಾರವೊಂದನ್ನು ತೆರೆದರೆ ಅದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಅಮೆರಿಕದ ನ್ಯೂಜೆರ್ಸಿಯಲ್ಲಿ ಡಬ್ಲ್ಯುಎಫ್‌ಎಂಯು ಎಂಬ ಕೇಂದ್ರವಿದೆ. ಯಾವ ಹಾಡು ಹಾಕಬೇಕೆಂಬುದನ್ನು ಅಲ್ಲಿ ನಿರೂಪಕರೇ ತೀರ್ಮಾನಿಸುತ್ತಾರೆ. ಅದನ್ನು ಹುಟ್ಟುಹಾಕಿದ ಉಪ್ಸಾಲಾ ಕಾಲೇಜು 1995ರಲ್ಲಿ ಮುಚ್ಚಿಹೋಯಿತು, ಬಾನುಲಿ ಮಾತ್ರ ಕೇಳುಗರ ದೇಣಿಗೆಯಿಂದ ಇಂದಿಗೂ ನಡೆಯುತ್ತಿದೆ. ಅದನ್ನು ಇಲ್ಲಿ ಯಥಾವತ್ತಾಗಿ ನಕಲು ಮಾಡಲಾಗದು. ಆದರೆ ನಮ್ಮ ಬಡಾವಣೆಯ ಕೇಂದ್ರ ಯಾವುದು, ಅಲ್ಲಿ ಹಾಡುವವರು ಯಾರು ಎಂದು ವಿಚಾರಿಸುವಷ್ಟು ಆಸಕ್ತಿಯನ್ನು ನಾವು ತೋರಬಹುದು. ಇಂತಹ ಕಾರ್ಯಕ್ರಮ ಬೇಕು ಎಂದು ಕೇಳುಗರು ಒಂದು ಪತ್ರ ಬರೆದರೂ ಕೇಂದ್ರದ ಸಭೆಯಲ್ಲಿ ಅದಕ್ಕೆ ತೂಕವಿದೆ. ನಮ್ಮ ಕೇಂದ್ರದ ಸಭೆ ಮುಂದಿನ ತಿಂಗಳಿದೆ. ಆ ಮಹಿಳೆಯ ಮುಕ್ಕಾಲು ಗಂಟೆಯ ಧ್ವನಿಮುದ್ರಣವನ್ನು ಅಲ್ಲಿ ಕೇಳಿಸಬೇಕೆಂದುಕೊಂಡಿದ್ದೇನೆ.