ದಂಡ, ಮೇಲ್ಮನವಿ ಮತ್ತು ನಮ್ಮ ಹೊಣೆ

ವಾಹನ ಚಲಾಯಿಸುವಾಗ ಮೊಬೈಲ್ ಬಳಸಿದ್ದಕ್ಕೆ ದಂಡ ತೆತ್ತವನು ಮೇಲ್ಮನವಿ ಸಲ್ಲಿಸುತ್ತೇನೆಂದರೆ ನಮ್ಮಲ್ಲಿ ಅನೇಕರು ನಕ್ಕುಬಿಡುತ್ತಾರೆ. ಇಷ್ಟು ಸಣ್ಣ ವಿಷಯಕ್ಕೆ ನ್ಯಾಯಾಲಯ ಅಲೆಯುವವರು ಯಾರು ಎಂದು ಕೇಳುತ್ತಾರೆ. ಆದರೆ ಇಂಗ್ಲೆಂಡಿನಲ್ಲಿ ಇಂತಹದೇ ಒಂದು ಮೇಲ್ಮನವಿಯು ಕಾನೂನಿನ ತಿದ್ದುಪಡಿಗೆ ದಾರಿಯಾಯಿತು.

2017ರ ಆಗಸ್ಟ್‌ನಲ್ಲಿ ಲಂಡನ್ ನಗರದ ಚಾಲಕನೊಬ್ಬ ಅಪಘಾತದ ಸ್ಥಳವನ್ನು ದಾಟುತ್ತಾ ಮೊಬೈಲ್‌ನಲ್ಲಿ ಅದರ ಚಿತ್ರೀಕರಣ ಮಾಡಿದ. 2018ರಲ್ಲಿ ಕೆಳ ನ್ಯಾಯಾಲಯ ಅವನನ್ನು ಅಪರಾಧಿಯೆಂದು ಘೋಷಿಸಿತು. ಅವನು ಮೇಲ್ಮನವಿ ಸಲ್ಲಿಸಿ ಗೆದ್ದ. 2019ರ ಜುಲೈಯಲ್ಲಿ ಹೈಕೋರ್ಟ್ ಕೂಡ ಆ ತೀರ್ಪನ್ನೇ ಎತ್ತಿಹಿಡಿಯಿತು. 2003ರಲ್ಲಿ ಜಾರಿಗೆ ಬಂದ ನಿಯಮವು ನಿಷೇಧಿಸಿದ್ದು ಸಂವಹನಕ್ಕಾಗಿ ಫೋನ್ ಬಳಸುವುದನ್ನು. ಚಿತ್ರೀಕರಣ ಸಂವಹನವಲ್ಲ ಎಂಬುದು ಅದರ ತಾತ್ಪರ್ಯ. ಆದರೆ ಇದನ್ನು ಹಸಿರು ನಿಶಾನೆಯೆಂದು ಯಾರೂ ಭಾವಿಸಬಾರದು, ಇಂತಹ ಚಾಲಕನ ಮೇಲೆ ಅಜಾಗರೂಕ ಚಾಲನೆಯ ಮೊಕದ್ದಮೆ ಹೂಡಬಹುದು ಎಂದೂ ನ್ಯಾಯಾಲಯ ಎಚ್ಚರಿಸಿತು. 2022ರ ಮಾರ್ಚ್ 25ರಿಂದ ಅಲ್ಲಿನ ಸರಕಾರ ನಿಯಮವನ್ನು ತಿದ್ದಿ ಆ ಕೊರತೆಯನ್ನು ನೀಗಿಸಿತು.

ಇದರಲ್ಲಿ ಎರಡು ಪಾಠಗಳಿವೆ. ಶಿಕ್ಷೆಯು ಕಾನೂನಿನ ಪದಗಳಿಗೆ ಅನುಗುಣವಾಗಿರಬೇಕೇ ಹೊರತು ಅಧಿಕಾರಿಯ ಸಿಟ್ಟಿಗಲ್ಲ. ಕಾನೂನಿನಲ್ಲಿ ಕೊರತೆಯಿದ್ದರೆ ಅದನ್ನು ತುಂಬಬೇಕಾದುದು ಶಾಸನ ರಚಿಸುವವರು, ಪೊಲೀಸರಲ್ಲ. ಈ ತತ್ವದ ಆಸರೆ ಹೆಚ್ಚು ಬೇಕಾಗುವುದು ದುರ್ಬಲರಿಗೆ. ಎರಡನೆಯದು, ನ್ಯಾಯಾಲಯದಲ್ಲಿ ಗೆದ್ದವನು ರಸ್ತೆಯಲ್ಲಿಯೂ ಸರಿಯಾಗಿಯೇ ನಡೆದುಕೊಂಡಿದ್ದ ಎಂದು ಅರ್ಥವಲ್ಲ.

ನಮ್ಮ ದೇಶದಲ್ಲಿ 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಂತೆ ಕೈಯಲ್ಲಿ ಮೊಬೈಲ್ ಹಿಡಿದು ಬಳಸುವುದು ಅಪಾಯಕಾರಿ ಚಾಲನೆಯಡಿ ಬರುತ್ತದೆ. ಮೊದಲ ಅಪರಾಧಕ್ಕೇ 1,000ದಿಂದ 5,000 ರೂಪಾಯಿ ದಂಡ ಅಥವಾ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ಎರಡೂ ವಿಧಿಸಬಹುದು. ದಾರಿಯ ನಕ್ಷೆ ನೋಡಲು ಮಾತ್ರ, ಅದೂ ಚಾಲಕನ ಏಕಾಗ್ರತೆ ಕೆಡದಂತೆ, 2020ರ ನಿಯಮ ಅವಕಾಶವಿತ್ತಿದೆ. ಆಟೋ, ಟೆಂಪೋ ಓಡಿಸಿ ಮನೆ ನಡೆಸುವ ನಮ್ಮ ಯುವಕರಿಗೆ ಲೈಸೆನ್ಸ್ ಎಂದರೆ ಅನ್ನದ ಬಟ್ಟಲು. ಹೀಗಿದ್ದೂ ಅನೇಕರು ಕಾಗದ ಓದದೆ ಸಹಿ ಹಾಕುತ್ತಾರೆ, ಬೇಗ ಮನೆಗೆ ಹೋಗುವ ಆತುರದಲ್ಲಿ ನ್ಯಾಯಾಧೀಶರ ಮುಂದೆ ತಪ್ಪೊಪ್ಪಿಕೊಳ್ಳುತ್ತಾರೆ. ಹಾಗೆ ಒಪ್ಪಿಕೊಂಡವರಿಗೆ ತೀರ್ಪಿನ ವಿರುದ್ಧ ಮೇಲ್ಮನವಿಯ ಹಕ್ಕಿಲ್ಲ. ಶಿಕ್ಷೆಯ ಪ್ರಮಾಣ ಅಥವಾ ಅದರ ಕಾನೂನುಬದ್ಧತೆಯನ್ನು ಮಾತ್ರ ಪ್ರಶ್ನಿಸಬಹುದು. ಆರೋಪವನ್ನು ನಿರಾಕರಿಸಿ ವಿಚಾರಣೆ ಎದುರಿಸಿದವರು ಮ್ಯಾಜಿಸ್ಟ್ರೇಟರ ತೀರ್ಪಿನ ವಿರುದ್ಧ 30 ದಿನಗಳೊಳಗೆ ಸೆಷನ್ಸ್ ನ್ಯಾಯಾಲಯದ ಮೊರೆ ಹೋಗಬಹುದು.

ಆದ್ದರಿಂದ ಮೊಬೈಲ್ ಮುಟ್ಟದವನು ಭಯದಿಂದ ತಪ್ಪೊಪ್ಪಿಕೊಳ್ಳಬೇಕಾಗಿಲ್ಲ. ಮುಟ್ಟಿದವನು ದಲ್ಲಾಳಿಯನ್ನಾಗಲಿ ಸುಳ್ಳು ಸಾಕ್ಷಿಯನ್ನಾಗಲಿ ಹುಡುಕದೆ ದಂಡ ತೆರಬೇಕು. ನಮ್ಮ ಮೊಹಲ್ಲಾಗಳ ವಕೀಲರು ತಿಂಗಳಿಗೊಂದು ಸಂಜೆಯನ್ನು ಚಾಲಕರಿಗೆ ಈ ಕಾನೂನು ತಿಳಿಸಲು ಮೀಸಲಿಡಲಿ. ತಂದೆ ತಾಯಂದಿರು ವಾಹನದ ಕೀಲಿ ಕೊಡುವಾಗಲೇ ಮಕ್ಕಳಿಗೆ ಬುದ್ಧಿ ಹೇಳಲಿ, ಅವರು ರಸ್ತೆಯಲ್ಲಿರುವಾಗ ತಾವೂ ಕರೆ ಮಾಡದಿರಲಿ. ಅನ್ಯಾಯದ ಶಿಕ್ಷೆಯನ್ನು ಮೇಲಿನ ನ್ಯಾಯಾಲಯ ರದ್ದುಪಡಿಸಬಹುದು. ರಸ್ತೆಯಲ್ಲಿ ಹೋದ ಜೀವವನ್ನು ಯಾವ ನ್ಯಾಯಾಲಯವೂ ಮರಳಿ ಕೊಡಲಾರದು.