ಅವುಡುಗಚ್ಚಿ ಮುಳುಗದಿರಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಬಂಧುಗಳೆ,

ಕಡಲಿನ ಅಂಚೇ ಇಲ್ಲದ ಮೂರು ಊರುಗಳ ಜನರೆದುರಿಗೆ, ಕಡಲಿನ ಆಳಕ್ಕಿಳಿಯುವವರ ದವಡೆಯ ನೋವನ್ನು ಬಿನ್ನವಿಸಹೊರಟಿರುವುದು ಮೇಲುನೋಟಕ್ಕೆ ವಿನೋದವಾಗಿ ತೋರಬಹುದು. ಆದರೆ ನೇತ್ರಾವತಿಯ ದಡದಲ್ಲಿ ಬೆಳೆದ ನಮ್ಮ ಮಕ್ಕಳು ರಜೆ ದೊರೆತೊಡನೆ ಉಡುಪಿ, ಕುಂದಾಪುರ, ಭಟ್ಕಳಗಳನ್ನು ದಾಟಿ ಮುರ್ಡೇಶ್ವರವನ್ನು ಸೇರಿ, ಅಲ್ಲಿಂದ ದೋಣಿಯೇರಿ ನೇತ್ರಾಣಿ ದ್ವೀಪದ ಮಗ್ಗುಲಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗುವುದು ಈಗ ಅಪೂರ್ವವಾಗಿ ಉಳಿದಿಲ್ಲ. ಹಾಗೆ ಮರಳಿದವರಲ್ಲಿ ಕೆಲವರು ಹವಳ, ಮೀನುಗಳ ವರ್ಣನೆಯ ನಡುವೆಯೇ ಕಿವಿಯ ಮುಂಭಾಗವನ್ನು ಒತ್ತಿಕೊಳ್ಳುತ್ತಾರೆ, ಆಕಳಿಸಲು ಅಂಜುತ್ತಾರೆ. ಮನೆಯ ಹಿರಿಯರು ಅದನ್ನು ಕಿವಿನೋವೆಂದೇ ಬಗೆದು ಬೆಚ್ಚನೆಯ ಎಣ್ಣೆ ಬಿಡಲು ಮುಂದಾಗುತ್ತಾರೆ. (ನಾನೂ ಒಮ್ಮೆ ಮುಂದಾದವನೇ.) ದಯವಿಟ್ಟು ಬಿಡಬೇಡಿ: ನೀರಿನ ಒತ್ತಡದಿಂದ ಕಿವಿಯ ತಮಟೆ ಹರಿಯುವುದೂ ಉಂಟು, ಹರಿದಿದ್ದರೆ ಎಣ್ಣೆಯಿಂದ ಕೇಡೇ ಹೆಚ್ಚು. ತಮಟೆ ನೆಟ್ಟಗಿದ್ದರೆ, ನೋವು ಕಿವಿಗೆ ಅಂಟಿಕೊಂಡೇ ಇರುವ ದವಡೆಯ ಕೀಲಿನದೂ ಆಗಿರಬಹುದು.

ಈ ಕೀಲಿನ ಮೇಲೆ ಭಾರ ಬಿದ್ದ ಬಗೆಯೂ ಕುತೂಹಲಕರವಾದುದು. ಫ್ರಾನ್ಸಿನಲ್ಲಿ 1943ರಲ್ಲಿ ಕೂಸ್ತೋ ಮತ್ತು ಗಾನ್ಯಾಂ ಎಂಬವರು ರೂಪಿಸಿದ ಉಸಿರಾಟದ ಉಪಕರಣದಲ್ಲಿ ಗಾಳಿಯನ್ನು ಹದಗೊಳಿಸುವ ಯಂತ್ರವು ಬೆನ್ನಿನ ಸಿಲಿಂಡರಿನ ಮೇಲೆಯೇ ಇದ್ದು, ಬಾಯಿಗೆ ಎರಡು ಕೊಳವೆಗಳು ಮಾತ್ರ ಬರುತ್ತಿದ್ದವು; ತರುವಾಯ ಒಂಟಿಕೊಳವೆಯ ಉಪಕರಣ ಬಳಕೆಗೆ ಬಂದಾಗ ಆ ಯಂತ್ರದ ಅರ್ಧ ಭಾಗವು ಮುಳುಗುಗಾರನ ತುಟಿಯ ಮುಂದಕ್ಕೇ ಸ್ಥಳಾಂತರಗೊಂಡಿತು. ಅದನ್ನು ಹಿಡಿದಿಡುವುದು ರಬ್ಬರಿನ ಮೌತ್‌ಪೀಸಿನ ಎರಡು ಸಣ್ಣ ತುಣುಕುಗಳು. ಮುಂಬದಿಯ ಕೆಲವೇ ಹಲ್ಲುಗಳು ಅವನ್ನು ಕಚ್ಚಿರುವಾಗ ಹಿಂದಿನ ದವಡೆಹಲ್ಲುಗಳಿಗೆ ಆಧಾರವಿರುವುದಿಲ್ಲ. ಕೆಳದವಡೆಯು ಮುಂದಕ್ಕೆ ಚಾಚಿಕೊಂಡಿರುತ್ತದೆ. ಬಲಹೆಗಲ ಮೇಲಿಂದ ಬರುವ ಕೊಳವೆಯು ಪ್ರವಾಹದಲ್ಲಿ ಒಂದು ಮಗ್ಗುಲಿಗೆ ಎಳೆಯುತ್ತದೆ. ಇದರೊಡನೆ ಮೊದಲ ಮುಳುಗಿನ ಭಯವೂ ಸೇರಿದರಂತೂ ಕಚ್ಚುವ ಬಲ ಇಮ್ಮಡಿಸಿ, ಸ್ನಾಯುಗಳು ಸೆಟೆದು, ಕೀಲಿನೊಳಗಿನ ಮೃದ್ವಸ್ಥಿಯ ಬಿಲ್ಲೆ ನಲುಗುವುದರಲ್ಲಿ ಆಶ್ಚರ್ಯವೇನು?

ಕಷ್ಟ ಬಂದರೆ ಅವುಡುಗಚ್ಚಿ ಸಹಿಸು ಎಂದು ನಮ್ಮ ಹಿರಿಯರು ಕಲಿಸಿದ್ದಾರೆ. ಉಳಿದೆಡೆ ಅದು ಸದುಪದೇಶವೇ ಆದರೂ ನೀರಿನಡಿಯಲ್ಲಿ ಅದಕ್ಕಿಂತ ಅಹಿತವಾದುದು ಬೇರಿಲ್ಲ. ಮೌತ್‌ಪೀಸನ್ನು ತುಟಿಗಳು ಸುತ್ತುವರಿದು ಮುಚ್ಚಬೇಕು, ಹಲ್ಲುಗಳು ಸುಮ್ಮನೆ ಒರಗಿರಬೇಕು. ಕಚ್ಚದಿದ್ದರೆ ಜಾರುತ್ತದೆ ಎಂದಾದರೆ ಅದು ನಿಮ್ಮ ಬಾಯಿಯ ಅಳತೆಯದಲ್ಲ. ಆದುದರಿಂದ ದೋಣಿಯಲ್ಲಿ ಕುಳಿತಿರುವಾಗಲೇ ಅದನ್ನು ಬಾಯಲ್ಲಿಟ್ಟು ಕೆಲವು ನಿಮಿಷ ಉಸಿರಾಡಿ ನೋಡಿ. ಒಗ್ಗದಿದ್ದರೆ ಸಂಕೋಚಪಡದೆ ಬೇರೊಂದನ್ನು ಕೇಳಿ. ಮುಳುಗುವುದನ್ನೇ ಹವ್ಯಾಸವಾಗಿಸಿಕೊಂಡವರು ಬಿಸಿನೀರಿನಲ್ಲಿ ಮೆದುಗೊಳಿಸಿ ತಮ್ಮ ಹಲ್ಲಿನ ಅಚ್ಚಿಗೆ ಹೊಂದಿಸಿಕೊಳ್ಳುವ, ಹಿಂದಿನ ಹಲ್ಲುಗಳವರೆಗೂ ಚಾಚುವ ಮೌತ್‌ಪೀಸನ್ನು ಸ್ವಂತಕ್ಕೆ ಕೊಂಡಿಟ್ಟುಕೊಳ್ಳುವುದು ಲೇಸು. ನೀರಿನಡಿಯಲ್ಲಿಯೇ ದವಡೆ ನೋಯತೊಡಗಿದರೆ ಮಾರ್ಗದರ್ಶಿಗೆ ಸನ್ನೆ ಮಾಡಿ, ಉಸಿರು ಬಿಗಿಹಿಡಿಯದೆ, ಆತನೊಡನೆ ಮೆಲ್ಲನೆ ಮೇಲಕ್ಕೆ ಬನ್ನಿ.

ಇನ್ನೊಂದು ಮಾತನ್ನು ಹೇಳಲು ನಾಲಗೆ ತುಸು ಹಿಂಜರಿಯುತ್ತದೆ, ಏಕೆಂದರೆ ನಮ್ಮ ಮೂರೂ ಸೀಮೆಗಳ ಅನ್ನ ಬಹುಮಟ್ಟಿಗೆ ಅಡಿಕೆಯ ತೋಟದಿಂದಲೇ ಬಂದುದು. ಅಡಿಕೆಯನ್ನೂ ಗುಟ್ಕಾವನ್ನೂ ಬಹುಕಾಲ ಜಗಿದವರ ಬಾಯಿಯ ಒಳಪೊರೆ ನಾರುಗಟ್ಟಿ ಬಿಗಿಯುವ ರೋಗವೊಂದುಂಟು. ಅಂಥವರಿಗೆ ಬಾಯಿ ತೆರೆಯುವುದೇ ಕಷ್ಟ. ನಿಮ್ಮವೇ ಮೂರು ಬೆರಳುಗಳನ್ನು ನೆಟ್ಟಗೆ ಜೋಡಿಸಿ ಮೇಲಿನ ಕೆಳಗಿನ ಮುಂಹಲ್ಲುಗಳ ನಡುವೆ ಇರಿಸಲು ಆಗದಿದ್ದರೆ, ನೇತ್ರಾಣಿಗೆ ಹೊರಡುವ ಮುನ್ನ ದಂತವೈದ್ಯರಲ್ಲಿಗೆ ಹೋಗಿರಿ. ದೇರಳಕಟ್ಟೆಯಲ್ಲಿಯೂ ಮಂಗಳೂರಿನಲ್ಲಿಯೂ ದಂತವೈದ್ಯ ಮಹಾವಿದ್ಯಾಲಯಗಳಿರುವಾಗ ದೂರದ ನೆಪ ಸಲ್ಲದು. ಪ್ರವಾಸಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಅಧ್ಯಾಪಕರು ಈಜು ಬರುತ್ತದೆಯೇ ಎಂದು ಕೇಳುವಾಗಲೇ, ಬಾಯಿ ತೆರೆಯುವಾಗ ಕೀಲು ಕಟಕ್ಕೆನ್ನುತ್ತದೆಯೇ, ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದೆಯೇ ಎಂದೂ ಕೇಳಬೇಕೆಂದು ಪ್ರಾರ್ಥಿಸುತ್ತೇನೆ.

ನೋವು ಹೊತ್ತು ಮರಳಿದವರಿಗೆ ಕೆಲವು ದಿನ ಕುಚ್ಚಲಕ್ಕಿಯ ಗಂಜಿಯನ್ನೇ ಬಡಿಸಿ, ಚಕ್ಕುಲಿಯ ಡಬ್ಬಿಯನ್ನು ಅಟ್ಟಕ್ಕೇರಿಸಿ, ಕೆನ್ನೆಗೆ ಬಿಸಿಬಟ್ಟೆಯ ಶಾಖ ಕೊಡಿ. ಒಂದೆರಡು ವಾರ ಕಳೆದರೂ ನೋವು ಇಳಿಯದಿದ್ದರೆ, ಅಥವಾ ದವಡೆ ಕಚ್ಚಿಕೊಂಡು ಬಾಯಿ ತೆರೆಯದಾದರೆ ಅಷ್ಟು ದಿನವೂ ಕಾಯದೆ, ವೈದ್ಯರನ್ನು ಕಾಣಿರಿ. ಸ್ವಂತ ಮೌತ್‌ಪೀಸ್ ಇದ್ದವರು ಅದನ್ನೂ ಒಯ್ಯಿರಿ, ಕಚ್ಚಿದ ಗುರುತುಗಳು ಅದರ ಮೇಲಿರುತ್ತವೆ.

ಇಂತು,
ಬಂಟ್ವಾಳದ ನಿಮ್ಮವನೊಬ್ಬ