ಕ್ಯಾಮೆರಾ ಬದಲಿಸುವ ಮುನ್ನ ಒಂದು ಲೋಟ ನೀರು

ಕಳೆದ ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶಿವಮೊಗ್ಗದಿಂದ ಬಂದು ನನ್ನನ್ನು ಸಕ್ರೆಬೈಲಿಗೆ ಕರೆದೊಯ್ದ. ಆನೆಗಳು ತುಂಗೆಯ ಹಿನ್ನೀರಿನಲ್ಲಿ ಮಲಗಿ ಮೈ ಉಜ್ಜಿಸಿಕೊಳ್ಳುತ್ತಿದ್ದವು. ಮಳೆ ಇಳಿದಿದ್ದರೂ ನೀರಿನ ಕೆಂಪು ಇನ್ನೂ ಇಳಿದಿರಲಿಲ್ಲ. ದಡದಲ್ಲಿ ನಿಂತು ಆತ ಬಂದ ವಿಷಯ ಹೇಳಿದ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಕಲಿತು ಎರಡು ವರ್ಷವಾಗಿದೆ. ಕಡಲೊಳಗೆ ಚಿತ್ರ ತೆಗೆಯುವ ಹುಚ್ಚು ಹಿಡಿದಿದೆ. ಆದರೆ ತೆಗೆದದ್ದೆಲ್ಲ ನೀಲಿ, ಮಸುಕು. ಆದ್ದರಿಂದ ಕೈಲಿರುವ ಪುಟ್ಟ ಕ್ಯಾಮೆರಾ ಮಾರಿ ಫುಲ್ ಫ್ರೇಮ್ ಮಿರರ್‌ಲೆಸ್ ಕೊಳ್ಳಬೇಕಂತೆ. ಅದಕ್ಕಾಗಿ ಬ್ಯಾಂಕಿನಲ್ಲಿ ಸಾಲಕ್ಕೂ ಅರ್ಜಿ ಹಾಕಿದ್ದಾನೆ.

"ಸಾರ್, ಯಾವ ಕಂಪನಿಯದು ತಗೊಳ್ಳಲಿ?" ಎಂದ.

"ಯಾವುದೂ ಬೇಡ" ಎಂದೆ. ಅವನ ಮುಖ ಬಾಡಿತು. ಅಂದು ಅವನಿಗೆ ಸರಿಯಾಗಿ ವಿವರಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆಯನ್ನು ನಿಮ್ಮಲ್ಲಿ ಇನ್ನೂ ಇಬ್ಬರು ಕೇಳಿದ್ದೀರಿ.

ದುಬಾರಿ ಕ್ಯಾಮೆರಾ ಕೊಂಡರೆ ಚಿತ್ರ ತಾನಾಗಿ ಚೆನ್ನಾಗುತ್ತದೆಂಬ ನಂಬಿಕೆ ನೆಲದ ಮೇಲೆಯೇ ಅರ್ಧ ಸುಳ್ಳು. ೧೯೮೦ರ ದಶಕದಲ್ಲಿ ಭವಿಷ್ಯನಿಧಿಯಿಂದ ಮುಂಗಡ ಪಡೆದು ಎಸ್‌ಎಲ್‌ಆರ್ ಕೊಂಡ ನಾನೇ ಅದಕ್ಕೆ ಸಾಕ್ಷಿ. ನೀರಿನೊಳಗಂತೂ ಅದು ಪೂರ್ತಿ ಸುಳ್ಳು. ಏಕೆಂದರೆ ಅಲ್ಲಿ ಚಿತ್ರವನ್ನು ಕೆಡಿಸುವುದು ಕ್ಯಾಮೆರಾ ಅಲ್ಲ, ನೀರು.

ಎಂಟನೆಯ ತರಗತಿಯಲ್ಲಿ ಲೋಟದ ನೀರಿನಲ್ಲಿ ಪೆನ್ಸಿಲ್ ಇಟ್ಟು ತೋರಿಸಿದ್ದೆನಲ್ಲ, ಅದನ್ನು ನೆನಪಿಸಿಕೊಳ್ಳಿ. ನೀರಿನ ವಕ್ರೀಭವನಾಂಕ ೧.೩೩. ಕ್ಯಾಮೆರಾವನ್ನು ನೀರು ಹೊಗದ ಹೌಸಿಂಗ್‌ನಲ್ಲಿಟ್ಟು, ಅದರ ಚಪ್ಪಟೆ ಗಾಜಿನ ಮೂಲಕ ನೋಡಿದಾಗ ವಸ್ತುಗಳು ಸುಮಾರು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತವೆ. ಮಸೂರದ ನೋಟದ ಅಗಲ ಕುಗ್ಗುತ್ತದೆ. ಅದನ್ನು ಮರಳಿ ಕೊಡುವುದು ಗುಮ್ಮಟದಾಕಾರದ ಡೋಮ್ ಗಾಜು.

ಇನ್ನು ಬಣ್ಣದ ಮಾತು. ನೀರು ಮೊದಲು ಹೀರುವುದು ಕೆಂಪನ್ನು. ಸುಮಾರು ೫ ಮೀಟರ್ ಆಳದಲ್ಲಿ ಕೆಂಪು ಬಹುಪಾಲು ಮಾಯವಾಗುತ್ತದೆ, ಬಳಿಕ ಕಿತ್ತಳೆ, ಆಮೇಲೆ ಹಳದಿ, ಉಳಿಯುವುದು ನೀಲಿ. ಇದು ಬರೀ ಆಳದ ಲೆಕ್ಕವಲ್ಲ, ಬೆಳಕು ನೀರಿನಲ್ಲಿ ನಡೆಯುವ ಒಟ್ಟು ದೂರದ ಲೆಕ್ಕ. ಮೀನು ಒಂದು ಮೀಟರ್ ದೂರವಿದ್ದರೆ ನಿಮ್ಮ ದೀಪದ ಬೆಳಕು ಹೋಗಿ ಬರಲು ಎರಡು ಮೀಟರ್ ನೀರನ್ನು ದಾಟಬೇಕು. ಮೂರು ಮೀಟರ್ ದೂರವಿದ್ದರೆ ಆರು. ಎಷ್ಟು ಲಕ್ಷದ ಸೆನ್ಸರ್ ಆದರೂ ತನ್ನ ಬಳಿ ಬಾರದ ಕೆಂಪನ್ನು ಎಲ್ಲಿಂದ ತಂದೀತು?

ಅಂದು ಅವನಿಗೆ ಎದುರಿಗಿದ್ದ ಆನೆಯನ್ನೇ ತೋರಿಸಿದೆ. ಅದರ ಕಾಲು ಮೊಣಕಾಲಿನಿಂದ ಕೆಳಗೆ ಕಾಣುತ್ತಿರಲಿಲ್ಲ. "ನೀನು ಹೇಳುವ ಕ್ಯಾಮೆರಾ ಆ ಪಾದವನ್ನು ತೋರಿಸೀತೇನೋ?" ಎಂದು ಕೇಳಿದೆ. ಸುಮ್ಮನಾದ.

ಹಾಗಾದರೆ ಹಣವನ್ನು ಯಾವುದಕ್ಕೆ ಸುರಿಯಬೇಕು? ಮೊದಲು ದೀಪಕ್ಕೆ. ಒಂದು, ಸಾಧ್ಯವಾದರೆ ಎರಡು ಸ್ಟ್ರೋಬ್ ಕೊಂಡು, ಉದ್ದ ತೋಳುಗಳ ಮೇಲೆ ಕ್ಯಾಮೆರಾದಿಂದ ದೂರಕ್ಕೆ, ಪಕ್ಕಕ್ಕೆ ಇರಿಸಬೇಕು. ಮಂಜು ಕವಿದ ಆಗುಂಬೆ ಘಾಟಿಯಲ್ಲಿ ಹೈಬೀಮ್ ಹಾಕಿದವರಿಗೆ ಕಾರಣ ತಿಳಿದಿದೆ: ಕಣ್ಣೆದುರಿನ ಕಣಗಳೇ ಹೊಳೆದು ದಾರಿ ಮುಚ್ಚುತ್ತವೆ. ಕ್ಯಾಮೆರಾದ ಮೂತಿಯಲ್ಲೇ ಇರುವ ಫ್ಲ್ಯಾಷ್ ನೀರಿನಲ್ಲಿ ಮಾಡುವುದೂ ಅದನ್ನೇ. ಎರಡನೆಯದು, ಅಗಲ ನೋಟದ ಮಸೂರ. ಅದಿದ್ದರೆ ಮೀನಿನ ತೀರ ಹತ್ತಿರ ಹೋದರೂ ಅದು ಪೂರ್ತಿ ಚೌಕಟ್ಟಿನೊಳಗೆ ಬರುತ್ತದೆ. ಕ್ಯಾಮೆರಾದ ಸರದಿ ಇವೆರಡರ ನಂತರ.

ಅಂಗಡಿಯವರು ಸಾಮಾನ್ಯವಾಗಿ ಹೇಳದ ಇನ್ನೊಂದು ಮಾತಿದೆ. ಹೌಸಿಂಗ್ ಒಂದು ಮಾದರಿಗೆ ಹೊಲಿಸಿದ ಅಂಗಿಯಂತೆ. ಮುಂದಿನ ಮಾದರಿಗೆ ಆಗುವುದು ಅಪರೂಪ. ಒಳ್ಳೆಯ ಹೌಸಿಂಗ್‌ನ ಬೆಲೆ ಹಲವು ಸಲ ಕ್ಯಾಮೆರಾದ ಬೆಲೆಯನ್ನೇ ಮೀರುತ್ತದೆ. ಕ್ಯಾಮೆರಾ ಬದಲಿಸಿದವನು ಹೌಸಿಂಗನ್ನೂ ಬದಲಿಸಬೇಕು, ಎಷ್ಟೋ ಸಲ ಡೋಮನ್ನೂ. ದೀಪಗಳಾದರೋ ಬಹುಮಟ್ಟಿಗೆ ಹೊಸ ಜೋಡಣೆಗೂ ಒದಗುತ್ತವೆ.

"ಸಾರ್, ನೀವು ಕಡಲಿಗೆ ಇಳಿದವರಲ್ಲ" ಎಂದ ಆತ. ನಿಜ, ಇಳಿದವನಲ್ಲ. ಆದರೆ ಇಳಿದವರ ಚರಿತ್ರೆ ಓದಿದ್ದೇನೆ. ೧೯೬೩ರಲ್ಲಿ ಬಂದ ನಿಕೊನೋಸ್ ೨೦೦೧ರವರೆಗೆ ತಯಾರಾಯಿತು. ಅದರಲ್ಲಿ ಒಂದು ಮುಳುಗಿಗೆ ೩೬ ಚಿತ್ರಗಳಷ್ಟೇ. ಕೆಳಗೆ ರೀಲು ಬದಲಿಸುವಂತಿಲ್ಲ, ತೆಗೆದದ್ದನ್ನು ನೋಡುವಂತಿಲ್ಲ. ಜಗತ್ತು ಮೆಚ್ಚಿದ ಕಡಲಾಳದ ಎಷ್ಟೋ ಚಿತ್ರಗಳು ಅದರಿಂದ ಬಂದವು. ಇಂದು ಟಿಜಿ-೭ರಂಥ ಪುಟ್ಟ ಕ್ಯಾಮೆರಾ ಹೌಸಿಂಗ್ ಇಲ್ಲದೆಯೇ ೧೫ ಮೀಟರ್ ಆಳ ತಾಳುತ್ತದೆ, ಚಿತ್ರವನ್ನು ರಾ ರೂಪದಲ್ಲಿ ಉಳಿಸುತ್ತದೆ. ಹೀಗಿರುವಾಗ ಕೊರತೆ ಕ್ಯಾಮೆರಾದ್ದು ಎಂದು ಹೇಗೆ ಒಪ್ಪಲಿ?

ದೊಡ್ಡ ಕ್ಯಾಮೆರಾ ಯಾರಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ಗುಂಡಿ ಒತ್ತಿದ ಮೇಲೆ ಕ್ಯಾಮೆರಾ ತಡವರಿಸಿ ಮೀನು ಕೈತಪ್ಪುತ್ತಿದ್ದರೆ, ಎರಡು ದೀಪಗಳಿಂದ ಆಗುವುದನ್ನೆಲ್ಲ ನೀವು ಕಲಿತು ಮುಗಿಸಿದ್ದರೆ, ಆಗ ಬದಲಿಸಿ. ಕೊರತೆ ಇಂಥಲ್ಲಿದೆ ಎಂದು ಬೊಟ್ಟು ಮಾಡಿ ತೋರಿಸಲಾಗದವನು ಕೊಳ್ಳುವುದು ಬರೀ ಸಮಾಧಾನವನ್ನು.

ಹಿಂತಿರುಗುವಾಗ ಕಾರಿನಲ್ಲಿ ಆತ ಇನ್ನೊಂದು ಸಂಗತಿ ಹೇಳಿದ. ಈ ಲೇಖನ ಬರೆಯಲು ಅದೇ ಮುಖ್ಯ ಕಾರಣ. ಕಳೆದ ವರ್ಷ ಬಂಡೆಯ ಸಂದಿಯಲ್ಲಿ ಮೀನೊಂದನ್ನು ಹಿಡಿಯಲು ಕ್ಯಾಮೆರಾ ಹೊಂದಿಸುತ್ತ, ಗಾಳಿಯ ಮಾಪಕ ನೋಡುವುದನ್ನೇ ಮರೆತಿದ್ದನಂತೆ. ಜೊತೆಗಿದ್ದ ತರಬೇತುದಾರ ತೋಳು ಹಿಡಿದು ಮೇಲೆ ತಂದರಂತೆ. ಮೂರು ಗುಂಡಿಗಳ ಪುಟ್ಟ ಕ್ಯಾಮೆರಾ ಹಿಡಿದಾಗಲೇ ಹೀಗಾದರೆ, ಎರಡು ತೋಳು, ಎರಡು ದೀಪ, ಇಪ್ಪತ್ತು ಗುಂಡಿಗಳ ಭಾರ ಕೈಲಿದ್ದರೆ ಗತಿಯೇನು? ನೀರಿನಲ್ಲಿ ನಿಶ್ಚಲವಾಗಿ ತೇಲಲು ಬಾರದವನ ಕಾಲು ಹವಳವನ್ನು ಮುರಿಯುತ್ತದೆ. ಒದೆತಕ್ಕೆ ಎದ್ದ ಮರಳು ಅವನ ಚಿತ್ರವನ್ನೇ ಕೆಡಿಸುತ್ತದೆ. ಕೊನೆಗೆ ಅಪಾಯ ಅವನ ಉಸಿರಿಗೇ.

ಆದ್ದರಿಂದ ಮಗೂ, ಆ ಸಾಲದ ಅರ್ಜಿಯನ್ನು ವಾಪಸು ತೆಗೆದುಕೋ. ಅಕ್ಟೋಬರಿನಲ್ಲಿ ನೇತ್ರಾಣಿಯ ದೋಣಿಗಳು ಹೊರಟಾಗ ಮೊದಲ ಎರಡು ಮುಳುಗು ಬರಿಗೈಯಲ್ಲಿ ಹಾಕು; ತೇಲುವುದನ್ನೂ ಮಾಪಕ ನೋಡುವುದನ್ನೂ ರೂಢಿಸಿಕೋ. ಮೂರನೆಯ ಮುಳುಗಿಗೆ ನಿನ್ನ ಹಳೆಯ ಕ್ಯಾಮೆರಾ, ಒಂದು ಹೊಸ ದೀಪ ಸಾಕು. ಓ-ರಿಂಗಿನ ಮೇಲೆ ಒಂದು ಕೂದಲೆಳೆಯೂ ಇರದಂತೆ ನೋಡಿಕೋ. ನೀರು ನುಗ್ಗಲು ಅಷ್ಟೇ ಸಾಕು. ಬಂದ ಮೇಲೆ ಚಿತ್ರಗಳನ್ನು ತಂದು ತೋರಿಸು. ಕೆಂಪು ಕಾಣದಿದ್ದರೆ ಆಗ ಜಗಳವಾಡೋಣ.